ತಣ್ಣೀರುಬಾವಿಯ ಮರಳು, ಗುಮಟಿನ ಚರ್ಮ

ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ನಮ್ಮ ಕುಟುಂಬಗಳು ಕಡಲತೀರವೆಂದೊಡನೆ ಗೋವೆಯನ್ನೇ ನೆನೆಯುತ್ತವೆ. ಮಂಗಳೂರಿಗೆ ಅಂಟಿಕೊಂಡೇ ಇರುವ ತಣ್ಣೀರುಬಾವಿ ಅವರಿಗೆ ಕೊನೆಯ ಆಯ್ಕೆ. ಗುರುಪುರ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಚಾಚಿರುವ ಈ ಮರಳದಂಡೆಯಲ್ಲಿ ಗಾಳಿಮರಗಳ ನೆರಳಿದೆ. ವಾರದ ದಿನಗಳಲ್ಲಿ ಅವಸರಪಡಿಸುವವರೂ ಇಲ್ಲ.

2024ರ ಆರಂಭದಲ್ಲಿ ಇಲ್ಲಿಯೂ ಸಸಿಹಿತ್ಲುವಿನಲ್ಲಿಯೂ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆ ಗೂಡುಗಳಿಗೆ ಕಾವಲಿತ್ತಿತು. ಸುಮಾರು ಏಳು ವಾರಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಗಳು ಬೆಳಕು ಕಂಡತ್ತ ತೆವಳುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ವಿಹಾರಕ್ಕೆ ಬಂದವರು ದೀಪ ಉರಿಸಿದ್ದರೆ, ಅವು ಕಡಲಿಗೆ ಬೆನ್ನು ಮಾಡಿ ನಡೆದು ನಾಯಿ, ಕಾಗೆಗಳ ಪಾಲಾಗುತ್ತವೆ.

ಕಡಲು ತಂದ ಬೆರಕೆ ನಮ್ಮ ಮನೆಯೊಳಗೂ ಉಂಟು. ಇಗರ್ಜಿ, ಪಾದ್ರಿ, ಜನೇಲು ಎಲ್ಲವೂ ಪೋರ್ಚುಗೀಸ್ ಮೂಲದ ಮಾತುಗಳೇ. ಪಿಟೀಲಿನ ಪಕ್ಕದಲ್ಲಿ ಮಣ್ಣಿನ ಗುಮಟ್ ನುಡಿಯುತ್ತದೆ. ಅದರ ಬಾಯಿಗೆ ಹಿಂದೆ ಬಿಗಿಯುತ್ತಿದ್ದುದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡವನ್ನು ರಕ್ಷಿಸಿದ್ದರಿಂದ ಆಡಿನ ಚರ್ಮ ಬಳಕೆಗೆ ಬಂತು. ಹಳೆಯ ನಾದ ಇದಕ್ಕಿಲ್ಲವೆಂದು ಹಿರಿಯರು ಕೊರಗಿದರೆ ಅಲ್ಲಗಳೆಯಲಾರೆ. ಆದರೂ ರೋಸಿನ ಹಾಡು ನಿಂತಿಲ್ಲ. ಉಡಕ್ಕಾಗಿ ಒಂದು ನಾದವನ್ನೇ ಬಿಟ್ಟುಕೊಟ್ಟ ಸಮುದಾಯಕ್ಕೆ ಆಮೆಗಾಗಿ ಒಂದು ದೀಪ ಆರಿಸುವುದು ಭಾರವೇ?

ಡಿಸೆಂಬರಿನಿಂದ ಮಾರ್ಚಿಯವರೆಗೆ ತಣ್ಣೀರುಬಾವಿಗೆ ಹೋಗುವವರು ಸೂರ್ಯಾಸ್ತ ನೋಡಿ ಮರಳಲಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಲಿ. ಗುಮಟನ್ನು ಮನೆಯಂಗಳದಲ್ಲಿ ಬಾರಿಸಬಹುದು.