ಕಾಯಿಸುವ ಆಟ, ಉಸಿರು ಕಟ್ಟುವ ಆಟ

ಬೆಂಗಳೂರಿನ ಎರಡು ವೃತ್ತಿಪರ ತಂಡಗಳು 2019ರ ಮೊದಲ ಮೂರು ತಿಂಗಳೊಳಗೆ ದೇಶದ ಚಾಂಪಿಯನ್ ಪಟ್ಟಕ್ಕೇರಿದವು. ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಮಾರ್ಚ್ 17ರಂದು ಅದೇ ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಗೋವಾ ತಂಡವನ್ನು 1–0ಯಿಂದ ಮಣಿಸಿತು. ಮೊದಲ ಪಂದ್ಯ 40 ನಿಮಿಷಗಳಲ್ಲಿ 71 ಅಂಕಗಳನ್ನು ಕೊಟ್ಟಿತು. ಅದರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಎರಡನೆಯದರಲ್ಲಿ ನಿಗದಿತ 90 ನಿಮಿಷ ಮುಗಿದು, ಹೆಚ್ಚುವರಿ ಆಟವೂ ಕೊನೆಗೆ ಬಂದು, 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆಯೊಡ್ಡುವವರೆಗೆ ಗೋಲೇ ಇರಲಿಲ್ಲ.

ಎರಡೂ ಆಟಗಳ ಸೆಳೆತ ಬೇರೆಬೇರೆಯಾಗುವುದು ಇಲ್ಲಿಂದಲೇ. ಫುಟ್‌ಬಾಲ್ ನೋಡುವವನನ್ನು ಕಾಯಿಸುತ್ತದೆ. ಗೋಲು ಅಪರೂಪವಾದ್ದರಿಂದ ಒಂದೊಂದು ಗೋಲಿನ ಬೆಲೆ ಏರುತ್ತದೆ, ಚೆಂಡು ಕಂಬಕ್ಕೆ ತಾಗಿ ಹೊರಹೋದರೂ ಗ್ಯಾಲರಿ ಎದ್ದು ನಿಲ್ಲುತ್ತದೆ. ದುರ್ಬಲ ತಂಡವೊಂದು ಎಂಬತ್ತು ನಿಮಿಷ ಗೋಲಿನ ಮುಂದೆ ಕೋಟೆ ಕಟ್ಟಿ, ಸಿಕ್ಕಿದ ಒಂದೇ ಅವಕಾಶದಲ್ಲಿ ಗೆದ್ದುಬಿಡುವ ಸಾಧ್ಯತೆ ಈ ಆಟದಲ್ಲಿ ಇರುವಷ್ಟು ಬೇರೆ ದೊಡ್ಡ ಆಟಗಳಲ್ಲಿ ಇಲ್ಲ. ಹೀಗೆ ಕಾಯುವುದು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ಸತ್ಯ. ಮೊದಲ ಸಲ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂದು 0–0 ಪಂದ್ಯ ನೋಡಿ ಮನೆಗೆ ಹೋದವರನ್ನು ಎರಡನೇ ಸಲ ಕರೆತರುವುದು ಸುಲಭವಲ್ಲ.

ಕಬಡ್ಡಿ ಕಾಯಿಸುವುದೇ ಇಲ್ಲ. ಒಂದು ರೈಡ್‌ಗೆ 30 ಸೆಕೆಂಡು. ಅಷ್ಟರೊಳಗೆ ರೈಡರ್ ನಡುಗೆರೆ ದಾಟಿ, ಎದುರಾಳಿಯನ್ನು ಮುಟ್ಟಿ, ಮರಳಲು ನೋಡುತ್ತಾನೆ, ಕೆಲವೊಮ್ಮೆ ಸಿಕ್ಕಿಬೀಳುತ್ತಾನೆ. ಹತ್ತಿರದಿಂದ ನೋಡಿದರೆ ಆ ಅರ್ಧ ನಿಮಿಷದಲ್ಲಿ ನಡೆಯುವುದು ಬಹಳ. ರೈಡರ್ ತೊಡೆ ತಟ್ಟಿ ಒಳಗೆ ಕಾಲಿಡುತ್ತಾನೆ, ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಎಂಬ ಜಪ ಕಡಿಯುವಂತಿಲ್ಲ. ಯಾರನ್ನೂ ಮುಟ್ಟದಿದ್ದರೆ ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಲೈನನ್ನು ಒಮ್ಮೆಯಾದರೂ ದಾಟಲೇಬೇಕು. ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಒಂದು ಕಾಲು ಆ ಗೆರೆಯಾಚೆ ಊರಿ, ಇನ್ನೊಂದು ಕಾಲು ಗಾಳಿಯಲ್ಲಿದ್ದರೆ ಒಂದು ಅಂಕ. ಅದಕ್ಕಾಗಿ ಅವನು ಮೂಲೆಯತ್ತ ವಾಲುತ್ತಾನೆ. ಮೂಲೆಯಲ್ಲಿರುವವನು ಕಾದಿರುವುದೂ ಆ ಕಾಲಿಗೇ. ಪಾದದ ಗಂಟು ಕೈಗೆ ಸಿಕ್ಕಿತೆಂದರೆ ಉಳಿದವರು ಮುಗಿಬೀಳುತ್ತಾರೆ. ಆ ರಾಶಿಯ ಕೆಳಗಿನಿಂದ ಒಂದು ಬೆರಳು ನಡುಗೆರೆಗೆ ತಾಗಿದರೆ ಲೆಕ್ಕ ತಲೆಕೆಳಗು: ಹಿಡಿದವರಷ್ಟೂ ಔಟ್.

ಹಿಂದೆ ಬಿದ್ದ ತಂಡಕ್ಕೆ ಮೇಲೇಳುವ ದಾರಿಗಳನ್ನು ಕಬಡ್ಡಿ ನಿಯಮಗಳಲ್ಲೇ ಇಟ್ಟುಕೊಂಡಿದೆ. ಔಟಾದವನು ತನ್ನವರು ಎದುರಾಳಿಯನ್ನು ಔಟ್ ಮಾಡಿದಾಗ ಮತ್ತೆ ಒಳಗೆ ಬರುತ್ತಾನೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿರುವಾಗ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’. ಆಗ ಅಂಕ ತರಬೇಕು, ಇಲ್ಲವೇ ಹೊರನಡೆಯಬೇಕು. ಮುನ್ನಡೆ ಸಿಕ್ಕಿದ ಕೂಡಲೇ ಕಾಲಹರಣ ಮಾಡಿ ಪಂದ್ಯವನ್ನು ಕೊಲ್ಲುವ ಹಳೆಯ ಚಾಳಿಗೆ ಬಿದ್ದ ಕಡಿವಾಣ ಇದು. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಟಿವಿ ಮುಂದೆ ಕೂತವರನ್ನು ಹಿಡಿದಿಟ್ಟದ್ದರಲ್ಲಿ ಬಣ್ಣದ ಮ್ಯಾಟ್, ದೀಪಗಳಿಗಿಂತ ಇಂಥ ನಿಯಮಗಳ ಪಾಲೇ ದೊಡ್ಡದು.

ಎಷ್ಟು ಸಲ ಅಂಕ ಬೀಳುತ್ತದೆ ಎಂಬ ದೃಷ್ಟಿಯಿಂದ ಇವೆರಡರ ನಡುವೆ ಎಲ್ಲೋ ನಿಲ್ಲುವ ಆಟ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಮೊಟ್ಟೆಯಾಕಾರದ ಮೈದಾನ, ತಂಡಕ್ಕೆ 18 ಮಂದಿ, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿನಲ್ಲಿ ಹೋದರೆ ಒಂದು. ಗುರಿ ತಪ್ಪಿದರೂ ಬರಿಗೈ ಇಲ್ಲ. ಆಫ್‌ಸೈಡ್ ಎಂಬ ತೊಡಕಿಲ್ಲ. ಒದೆಯಿಂದ ಬಂದ ಚೆಂಡನ್ನು ನೆಲ ತಾಗುವ ಮುನ್ನ ಕೈಯಲ್ಲಿ ಹಿಡಿದವನಿಗೆ ತಡೆಯಿಲ್ಲದೆ ಒದೆಯುವ ಹಕ್ಕು. ಹಾಗಾಗಿ ಎದುರಾಳಿಯ ಬೆನ್ನು ಹತ್ತಿ ಚೆಂಡು ಹಿಡಿಯುವ ಜಿಗಿತವೇ ಅಲ್ಲಿನ ಜನ ಬಾಯಿ ಚಪ್ಪರಿಸುವ ದೃಶ್ಯ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲಿ ಎಂಬ ಯೋಚನೆ ಆ ಆಟದ ಹುಟ್ಟಿಗೆ ಒಂದು ಕಾರಣ. ಮೆಲ್ಬರ್ನ್‌ನಲ್ಲಿ ಅದರ ನಿಯಮಗಳನ್ನು ಬರೆದಿಟ್ಟದ್ದು 1859ರಲ್ಲಿ, ಲಂಡನ್ನಿನಲ್ಲಿ ಫುಟ್‌ಬಾಲ್ ನಿಯಮಗಳು ರೂಪುಗೊಂಡದ್ದು 1863ರಲ್ಲಿ. ಊರಿನ ಆಟ ಜಗತ್ತಿನ ಆಟಕ್ಕಿಂತ ನಾಲ್ಕು ವರ್ಷ ಹಿರಿದು.

ಆಟಕ್ಕೆ ಎಷ್ಟು ಜಾಗ ಬೇಕು ಎಂಬುದು ಅದರ ಸೆಳೆತದಲ್ಲಿ ಸೇರುವ ಸಂಗತಿ, ಬೆಂಗಳೂರಿನಲ್ಲಂತೂ ಹೌದು. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಪುರುಷರ ಕಬಡ್ಡಿ ಅಂಕಣ 13ಕ್ಕೆ 10 ಮೀಟರ್. ಒಂದು ಫುಟ್‌ಬಾಲ್ ಮೈದಾನದ ವಿಸ್ತೀರ್ಣ ಸುಮಾರು 55 ಕಬಡ್ಡಿ ಅಂಕಣಗಳಷ್ಟು. ಆಸ್ಟ್ರೇಲಿಯದ ಆಟಕ್ಕೆ ಫುಟ್‌ಬಾಲಿನ ಎರಡು ಪಟ್ಟಿಗಿಂತಲೂ ಹೆಚ್ಚು ನೆಲ ಬೇಕು. ಕ್ರಿಕೆಟ್ ಮೈದಾನಗಳು ಚಳಿಗಾಲದಲ್ಲಿ ಖಾಲಿ ಬಿದ್ದಿರುವ ದೇಶಕ್ಕೆ ಮಾತ್ರ ಅದು ಎಟುಕುವ ಐಷಾರಾಮ.

ಉತ್ತರ ಬೆಂಗಳೂರಿನಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಜಾಲಹಳ್ಳಿಯ ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ಕಾಲೊನಿಗಳಲ್ಲಿ, ಸೇನೆಗೆ ಸೇರಿದ ಜಾಗಗಳಲ್ಲಿ ದೊಡ್ಡ ಮೈದಾನಗಳು ಉಳಿದಿವೆ. ಯಲಹಂಕದಾಚೆ 2017ರಲ್ಲಿ ಆರಂಭವಾದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಹುಲ್ಲಿನ ಫುಟ್‌ಬಾಲ್ ಅಂಗಣವೂ ಇದೆ. ಉಳಿದವರ ಪಾಲಿಗೆ ಫುಟ್‌ಬಾಲ್ ಎಂದರೆ ‘ಟರ್ಫ್’: ಆರ್.ಟಿ. ನಗರ, ಹೆಬ್ಬಾಳ, ಸಹಕಾರನಗರದ ಕಡೆ ಖಾಲಿ ಸೈಟುಗಳಲ್ಲೋ ಕಟ್ಟಡದ ತಾರಸಿಯ ಮೇಲೋ ಬಲೆ ಕಟ್ಟಿ, ಕೃತಕ ಹುಲ್ಲು ಹಾಸಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಪೆಟ್ಟಿಗೆಯಂಥ ಅಂಗಣ. ಕಡೆಗೆ ಐದೈದು ಮಂದಿ. ಮೊಬೈಲಿನಲ್ಲೇ ಬುಕ್ಕಿಂಗ್, ಹಣ ಎಲ್ಲರೂ ಹಂಚಿಕೊಂಡು ಯುಪಿಐ. ರಾತ್ರಿ ಪಾಳಿಗೆ ಮುಂಚೆ ಅಥವಾ ಆಫೀಸು ಮುಗಿಸಿ ಬರುವವರಿಗೆ ಇದೇ ಅನುಕೂಲ. ಆದರೆ ಇಲ್ಲಿ ಚೆಂಡು ಬಲೆಗೆ ಬಡಿದು ಹಿಂದೆ ಬರುತ್ತದೆ, ಉದ್ದ ಪಾಸ್ ಇಲ್ಲ, ಆಫ್‌ಸೈಡ್ ಇಲ್ಲ, ಕಾಯುವುದಂತೂ ಇಲ್ಲವೇ ಇಲ್ಲ. ಟರ್ಫಿನ ಫುಟ್‌ಬಾಲ್ ಗುಣದಲ್ಲಿ ಕಬಡ್ಡಿಗೆ ಹತ್ತಿರವಾಗಿದೆ ಎಂದರೆ ಫುಟ್‌ಬಾಲ್ ಪ್ರಿಯರು ಸಿಟ್ಟಾಗಬಹುದು.

ಅದೇ ಯಲಹಂಕದಿಂದ ರಾಜಾನುಕುಂಟೆ ಕಡೆ ಸಾಗಿದರೆ ಗಣೇಶೋತ್ಸವ, ರಾಜ್ಯೋತ್ಸವದ ಹೊತ್ತಿಗೆ ಫ್ಲೆಕ್ಸ್‌ಗಳಲ್ಲಿ ಕಾಣುವುದು ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’. ಮಣ್ಣು ಹದಗೊಳಿಸಿ ನೀರು ಚಿಮುಕಿಸಿದರೆ, ಸುಣ್ಣದಲ್ಲಿ ಗೆರೆ ಎಳೆದರೆ ಅಂಕಣ ತಯಾರು. ಚೆಂಡು ಬೇಡ, ಬೂಟು ಬೇಡ. ನೋಡುವವರು ಗೆರೆಯ ಪಕ್ಕದಲ್ಲೇ ನಿಲ್ಲುವುದರಿಂದ ಹಿಡಿತದ ಸದ್ದೂ ಕಿವಿಗೆ ಬೀಳುತ್ತದೆ. ಅಷ್ಟು ಸಮೀಪದ ನೋಟವನ್ನು ಫುಟ್‌ಬಾಲ್ ಕೊಡಲಾರದು.

ಬೆಂಗಳೂರಿನಲ್ಲಿ ಎರಡೂ ಆಟಗಳ ಬೇರುಗಳು ಬೇರೆಬೇರೆ ಮಣ್ಣಿನಲ್ಲಿವೆ. ಫುಟ್‌ಬಾಲ್ ದಂಡು ಪ್ರದೇಶದ ಕೂಸು. ಬ್ರಿಟಿಷ್ ಪಟಾಲಮ್ಮುಗಳು ತಂದ ಆಟವನ್ನು ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ತಮ್ಮದಾಗಿಸಿಕೊಂಡರು. ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937ರಲ್ಲಿ, ಮತ್ತೆ 1938ರಲ್ಲಿ ರೋವರ್ಸ್ ಕಪ್ ಗೆದ್ದಿತು. ಸೇನಾ ತಂಡಗಳ ಸೊತ್ತೇ ಆಗಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದರಿಂದ, ಚೆನ್ನಾಗಿ ಆಡಿದರೆ ಸಂಬಳ, ಕ್ವಾರ್ಟರ್ಸ್ ಸಿಗುತ್ತದೆಂಬ ನಂಬಿಕೆಯೂ ಆ ಬಡಾವಣೆಗಳಲ್ಲಿ ಹಲವು ದಶಕ ಇತ್ತು.

ಕಬಡ್ಡಿ ಹಳ್ಳಿಯಿಂದ, ಕರಾವಳಿಯಿಂದ, ಸರ್ಕಾರಿ ಶಾಲೆಯ ಅಂಗಳದಿಂದ ಬಂದದ್ದು. ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿ ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು. ಹೆಣ್ಣುಮಕ್ಕಳ ವಿಷಯದಲ್ಲಂತೂ ಕರ್ನಾಟಕದಲ್ಲಿ ಕಬಡ್ಡಿ ಫುಟ್‌ಬಾಲಿಗಿಂತ ಎಷ್ಟೋ ಮುಂದಿದೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಯಾವ ಊರಿನ ಶಾಲೆಯಾದರೂ ಏಳು ಹುಡುಗಿಯರನ್ನು ಹೊಂದಿಸಿ ತಂಡ ಕಳಿಸಬಲ್ಲದು; ಹನ್ನೊಂದು ಮಂದಿಯನ್ನು ಬೂಟು ಸಹಿತ ಕಳಿಸಬಲ್ಲ ಶಾಲೆಗಳು ಕಡಿಮೆ.

ಆಟ ಅಭಿಮಾನಿಗೆ ಕೊಡುವ ಹೆಮ್ಮೆಯೂ ಒಂದೇ ತರಹದ್ದಲ್ಲ. ಕಬಡ್ಡಿಯಲ್ಲಿ ಭಾರತ ಗೆಲ್ಲುತ್ತದೆ. 1990ರಲ್ಲಿ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದಂದಿನಿಂದ ಪುರುಷರ ಚಿನ್ನ ತಪ್ಪಿದ್ದು 2018ರ ಜಕಾರ್ತದಲ್ಲಿ ಮಾತ್ರ, ಸೆಮಿಫೈನಲ್‌ನಲ್ಲಿ ಇರಾನ್ ಎದುರು ಸೋತಾಗ. ವಿಚಿತ್ರವೆಂದರೆ ಆ ಸೋಲೇ ಆಟಕ್ಕೆ ಅಗತ್ಯವಿದ್ದ ರುಚಿ ತಂದಿತು. ಗೆಲ್ಲುವುದು ಯಾರೆಂದು ಮೊದಲೇ ಗೊತ್ತಿರುವ ಆಟ ಎಷ್ಟು ದಿನ ಸೆಳೆದೀತು? ಫುಟ್‌ಬಾಲಿನಲ್ಲಿ ಭಾರತದ ವಿಶ್ವ ರ‍್ಯಾಂಕಿಂಗ್ ಸಾಮಾನ್ಯವಾಗಿ ನೂರರ ಆಚೆ. ಆದರೆ ಫಿಫಾದಲ್ಲಿ 211 ಸದಸ್ಯ ಸಂಘಗಳಿವೆ. ಗೆಲುವಲ್ಲ, ಆ ದೊಡ್ಡ ಸಂತೆಯಲ್ಲಿ ತಾನೂ ಒಬ್ಬ ಎಂಬ ಭಾವವೇ ಇಲ್ಲಿಯ ಸೆಳೆತ. ಹೆಬ್ಬಾಳದ ಪಿಜಿಯಲ್ಲಿ ಮಧ್ಯರಾತ್ರಿ ಎಚ್ಚರವಿದ್ದು ಯುರೋಪಿನ ಪಂದ್ಯ ನೋಡುವ ಹುಡುಗನಿಗೆ ಮರುದಿನ ಆಫೀಸಿನಲ್ಲಿ ಮಲಯಾಳಿ, ಮಣಿಪುರಿ, ಬಂಗಾಳಿ ಸಹೋದ್ಯೋಗಿಗಳೊಡನೆ ಮಾತಿಗೆ ವಿಷಯ ಸಿದ್ಧವಿರುತ್ತದೆ.

ಮೆಲ್ಬರ್ನ್‌ನ ಅನುಭವ ಇದಕ್ಕೆ ಹತ್ತಿರದ್ದು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೂ ಮಕ್ಕಳ ಶಾಲೆಯಲ್ಲಿ ಬೇಗನೆ ಎದುರಾಗುವ ಪ್ರಶ್ನೆ ‘ನಿಮ್ಮದು ಯಾವ ಟೀಮು?’ ಎಂಬುದು, ಕೇಳುತ್ತಿರುವುದು ಆಸ್ಟ್ರೇಲಿಯನ್ ರೂಲ್ಸ್ ಎಂಬ ಊರಿನ ಆಟದ ಬಗ್ಗೆ. ಅದರ ಫೈನಲ್‌ಗೆ ಸಾಮಾನ್ಯವಾಗಿ ಸುಮಾರು ಒಂದು ಲಕ್ಷ ಜನ ಸೇರುತ್ತಾರೆ. ಆದರೆ ಆ ಆಟಕ್ಕೆ ಎದುರಾಳಿ ದೇಶವೇ ಇಲ್ಲ. ದೇಶವಿಡೀ ಒಟ್ಟಾಗಿ ಕೂಗಬೇಕಾದಾಗ ಅಲ್ಲಿಯೂ ಫುಟ್‌ಬಾಲೇ ಬೇಕಾಯಿತು: 2023ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಮಹಿಳಾ ವಿಶ್ವಕಪ್ ಸೆಮಿಫೈನಲ್ ಅನ್ನು ಟಿವಿಯಲ್ಲಿ ನೋಡಿದವರು 1 ಕೋಟಿ 10 ಲಕ್ಷಕ್ಕೂ ಹೆಚ್ಚು.

ಬೆಂಗಳೂರಿನಲ್ಲಿ ಅಭಿಮಾನ ಗಟ್ಟಿಯಾಗಿ ನೆಲೆಯೂರಿದ್ದು ಫುಟ್‌ಬಾಲ್ ತಂಡದ ಸುತ್ತ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಸುನಿಲ್ ಛೆಟ್ರಿ ಅಂದೇ ತಂಡದ ಮುಖವಾದರು. ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಬೆಳೆಯಿತು. ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಮೆಟ್ರೊ ಇಳಿದರೆ ಕ್ರೀಡಾಂಗಣ ನಡೆದೇ ಹೋಗಬಹುದಾದ ದೂರ. 2023ರ ಮಾರ್ಚ್ 3ರಂದು ಅದೇ ಅಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೆಟ್ರಿ ಚೆಂಡನ್ನು ಗೋಲಿಗೆ ಎತ್ತಿಹಾಕಿದರು. ರೆಫರಿ ಗೋಲು ಎಂದರು, ಕೇರಳದ ತಂಡ ಮೈದಾನ ಬಿಟ್ಟು ನಡೆಯಿತು. ಸರಿಯೋ ತಪ್ಪೋ ಎಂಬ ಜಗಳ ವಾರಗಟ್ಟಲೆ ನಡೆಯಿತು. ಗೋಲು ಅಷ್ಟು ದುರ್ಲಭವಾದ್ದರಿಂದಲೇ ಆ ಜಗಳಕ್ಕೆ ಅಷ್ಟು ಆಯಸ್ಸು; ಕಬಡ್ಡಿಯ ಒಂದು ಅಂಕಕ್ಕೆ ಇಂಥ ಪಟ್ಟು ಯಾರೂ ಹಿಡಿಯಲಾರರು. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ಆ ಗದ್ದಲದಲ್ಲಿ ಅರ್ಧ ಮುಳುಗಿಹೋಯಿತು.

ಬುಲ್ಸ್‌ಗೆ ಇಂಥ ಮನೆ ಸಿಗಲಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣ ಫುಟ್‌ಬಾಲ್ ನಡೆಯುವ ಅಂಗಣದ ಪಕ್ಕದಲ್ಲೇ ಇದ್ದರೂ 2017ರಲ್ಲಿ ತಂಡ ತವರಿನ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು. ಕೋವಿಡ್ ಕಾಲದ ಎಂಟನೇ ಆವೃತ್ತಿ ಪೂರ್ತಿಯಾಗಿ ವೈಟ್‌ಫೀಲ್ಡ್‌ನಲ್ಲಿ ನಡೆಯಿತಾದರೂ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಹರಾಜಿನ ಪದ್ಧತಿಯಿಂದ ಆಟಗಾರರೂ ನಿಲ್ಲುವುದಿಲ್ಲ: 2019ರ ಫೈನಲ್‌ನ ಹೀರೊ ಪವನ್ 2022ರ ಹರಾಜಿನಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದರು. 2023ರ ಡಿಸೆಂಬರ್‌ನಲ್ಲಿ ಲೀಗ್ ಕಂಠೀರವಕ್ಕೆ ಬಂದು ಹೋಯಿತು. ಮುಂದಿನ ವರ್ಷದ ಪಂದ್ಯಗಳು ಹೈದರಾಬಾದ್, ನೋಯ್ಡಾ, ಪುಣೆಗಳಲ್ಲೇ ಮುಗಿದವು, ಅದರ ಮರುವರ್ಷ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಹಾಗಾಗಿ ಯಲಹಂಕದ ಕಬಡ್ಡಿ ಪ್ರಿಯನಿಗೆ ಬುಲ್ಸ್ ಸಿಗುವುದು ಟಿವಿಯಲ್ಲಿ, ಕಣ್ಣೆದುರಿನ ಕಬಡ್ಡಿ ಊರ ಯುವಕ ಸಂಘದ ಪಂದ್ಯಾವಳಿಯಲ್ಲಿ.