ರಂಜಕ ಗಾಯನದ ಕಲಾಮೌಲ್ಯ: ಅಮೀರಬಾಯಿ ಕರ್ನಾಟಕಿಯವರನ್ನು ಕುರಿತು ಒಂದು ವಿಚಾರ

‘ಕಂಠವೇನೋ ಇಂಪಾಗಿದೆ, ಆದರೆ ಅದು ಕಲೆಯಲ್ಲ, ಬರಿಯ ಜನರಂಜನೆ’ ಎಂಬ ಮಾತು ಸಂಗೀತವನ್ನು ಬಲ್ಲವರ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುವುದುಂಟು. ಚಲಚ್ಚಿತ್ರಕ್ಕೆ ಹಾಡಿದವರೆಲ್ಲರ ವಿಷಯದಲ್ಲಿಯೂ ಈ ತೀರ್ಪನ್ನು ಒಂದೇ ಉಸಿರಿನಲ್ಲಿ ಕೊಡುವುದು ವಾಡಿಕೆಯಾಗಿಬಿಟ್ಟಿದೆ. ಬೀಳಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೀರ್ತಿಯನ್ನು ಪಡೆದ ಅಮೀರಬಾಯಿ ಕರ್ನಾಟಕಿಯವರ ಗಾಯನವು ಈ ತೀರ್ಪಿಗೆ ನಿಜವಾಗಿಯೂ ಅರ್ಹವೇ, ಅಥವಾ ತೀರ್ಪು ಕೊಡುವವರ ಅಳತೆಗೋಲಿನಲ್ಲಿಯೇ ದೋಷವುಂಟೇ ಎಂಬುದು ಪ್ರಕೃತ ಲೇಖನದ ವಿಚಾರ.

ಅಮೀರಬಾಯಿಯವರು ಹುಟ್ಟಿದ್ದು ೧೯೦೬ರ ಸುಮಾರಿಗೆ. ಬೀಳಗಿಯು ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಪ್ರತ್ಯೇಕವಾದ ಮೇಲೆ ಅದರಲ್ಲಿ ಸೇರಿದೆ. ಅವರೂ ಅವರ ಅಕ್ಕ ಗೋಹರಬಾಯಿಯವರೂ ನಾಟಕದ ಕಂಪನಿಗಳ ಪರಿಸರದಲ್ಲಿ ಬೆಳೆದು, ಮುಂಬಯಿಯನ್ನು ಸೇರಿ, ಹುಟ್ಟಿದ ನಾಡಿನ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದರು. ೧೯೩೪ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಲ್ಲಿ ಅಮೀರಬಾಯಿಯವರಿಗೆ ಪಾತ್ರ ದೊರೆಯಿತು. ೧೯೪೦ರ ‘ನರಸಿ ಭಗತ್’ ಚಿತ್ರದಲ್ಲಿ ನರಸಿ ಮೆಹ್ತಾನ ಪ್ರಸಿದ್ಧ ಭಜನೆಯನ್ನು ಹಾಡಿದರು. ೧೯೪೩ರ ‘ಕಿಸ್ಮತ್’ ಅವರ ಹೆಸರನ್ನು ಇಡಿಯ ದೇಶಕ್ಕೆ ಮುಟ್ಟಿಸಿತು. ‘ಕನ್ನಡ ಕೋಗಿಲೆ’ ಎಂಬ ಬಿರುದು ಜನರ ಬಾಯಲ್ಲಿ ನಿಂತಿತು. ವಿಜಾಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರಕ್ಕೆ ಅಮೀರ್ ಟಾಕೀಜ್ ಎಂದು ಹೆಸರಾಯಿತು. ಇಷ್ಟು ಚರಿತ್ರೆಯು ಇಲ್ಲಿಗೆ ಸಾಕು. ವಿಸ್ತಾರವನ್ನು ಬಯಸುವವರು ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆಯನ್ನು ನೋಡಬಹುದು.

ಇನ್ನು ಅಳತೆಗೋಲಿನ ಮಾತು. ‘ರಂಜನೆ’ ಎಂಬ ಶಬ್ದವನ್ನು ನಾವು ಇಂದು ಹಗುರವಾಗಿ ಬಳಸುತ್ತೇವೆ. ಶಾಸ್ತ್ರಕಾರರು ಹಾಗೆ ಬಳಸಲಿಲ್ಲ. ದೇವಗಿರಿಯ ಸಿಂಘಣನ ಆಶ್ರಯದಲ್ಲಿ, ನಮ್ಮ ಕೃಷ್ಣಾ-ಮಲಪ್ರಭೆಗಳ ನಾಡೂ ಸೇವುಣರ ಆಳಿಕೆಗೆ ಒಳಪಟ್ಟಿದ್ದ ಹದಿಮೂರನೆಯ ಶತಮಾನದಲ್ಲಿ, ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಭಾಗಿಸಲಾಗಿದೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ. ಲೋಪವಿಲ್ಲದೆ ಕಲಿಸಬಲ್ಲವನು ಮೊದಲನೆಯವನು. ಪರರ ಭಂಗಿಯನ್ನು ಅನುಸರಿಸುವವನು ಎರಡನೆಯವನು. ತಾನೇ ರಸದಲ್ಲಿ ಮುಳುಗಿದವನು ರಸಿಕ. ಕೇಳುವವರ ಮನಸ್ಸನ್ನು ಬಣ್ಣಗೊಳಿಸುವವನು ರಂಜಕ. ಗೀತದ ಅತಿಶಯವನ್ನು ಹೊರಗೆಡಹುವವನು ಭಾವುಕ. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಉತ್ತಮ, ಮಧ್ಯಮ, ಅಧಮ ಎಂಬ ತಾರತಮ್ಯವನ್ನು ಗ್ರಂಥಕಾರನು ಗುಣದೋಷಗಳನ್ನು ಹಿಡಿದು ಬೇರೆಯಾಗಿಯೇ ಹೇಳಿದ್ದಾನೆ. ಈ ಐದು ಬಗೆಗಳು ಆ ತಾರತಮ್ಯದ ಮೆಟ್ಟಿಲುಗಳಲ್ಲ. ರಂಜಕನಲ್ಲಿಯೂ ಉತ್ತಮನುಂಟು, ಶಿಕ್ಷಾಕಾರನಲ್ಲಿಯೂ ಅಧಮನುಂಟು ಎಂದು ನಾವು ತಿಳಿಯಬೇಕಾಗುತ್ತದೆ. ಹೀಗಿರಲು ‘ಬರಿಯ ರಂಜಕ’ ಎಂದಮಾತ್ರಕ್ಕೆ ಯಾರ ಕಲೆಯ ಬೆಲೆಯೂ ನಿರ್ಣಯವಾದಂತಾಗಲಿಲ್ಲ. ವಿಚಾರವು ಅಲ್ಲಿಂದ ಮುಂದಕ್ಕೆ ಪ್ರಾರಂಭವಾಗಬೇಕು.

ಅಮೀರಬಾಯಿಯವರ ಕಂಠವು ಯಾವ ನೆಲದಲ್ಲಿ ಹದಗೊಂಡಿತೆಂಬುದನ್ನು ಮೊದಲು ನೋಡೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯು ನಾಟಕದ ಸೀಮೆ. ಬಾದಾಮಿಯ ಬನಶಂಕರಿಯಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಜಾತ್ರೆ ನಡೆಯುವುದನ್ನೂ, ವೃತ್ತಿ ನಾಟಕದ ಕಂಪನಿಗಳು ಸಾಲಾಗಿ ಡೇರೆ ಹಾಕುವುದನ್ನೂ ಈ ಭಾಗದವರೆಲ್ಲ ಬಲ್ಲರು. ಹುನಗುಂದ ತಾಲೂಕಿನ ಕಂದಗಲ್ಲ ಹಣಮಂತರಾಯರು ‘ರಕ್ತರಾತ್ರಿ’ಯಂತಹ ನಾಟಕಗಳನ್ನು ಬರೆದುದು ಇಂತಹ ರಂಗಕ್ಕಾಗಿಯೇ. ಧ್ವನಿವರ್ಧಕವು ಬರುವುದಕ್ಕೆ ಮುಂಚೆ ಈ ಡೇರೆಗಳಲ್ಲಿ ಹಾಡುವವರ ಪಾಡು ಸುಲಭವಾದುದಾಗಿರಲಿಲ್ಲ. ಎದುರಿಗೆ ಪೇಟಿ ಮಾಸ್ತರರು ಕಾಲಿನಿಂದ ತಿದಿಯೊತ್ತಿ ನುಡಿಸುವ ಹಾರ್ಮೋನಿಯಮ್ಮಿನ ಧ್ವನಿ, ಅದರಾಚೆಗೆ ತಬಲಾ, ಅದಕ್ಕೂ ಆಚೆ ನೆಲದ ಮೇಲೆ ಕುಳಿತ ಜನ. ಕಟ್ಟಕಡೆಯ ಸಾಲಿನವನಿಗೂ ಸಾಹಿತ್ಯದ ಒಂದೊಂದು ಅಕ್ಷರವೂ ಕೇಳಬೇಕು. ಇಲ್ಲದಿದ್ದರೆ ಕಥೆಯೇ ಅವನ ಕೈತಪ್ಪಿಹೋಗುವುದು. ರಾಗವನ್ನು ಬೆಳೆಸುವ ಅಕ್ಕರೆಯಿಂದ ಪದವನ್ನು ನುಂಗುವ ಗಾಯಕನಿಗೆ ಅಲ್ಲಿ ಎಡೆಯಿರಲಿಲ್ಲ. ನಾಟಕರಂಗದ ಈ ಶಿಕ್ಷೆಯನ್ನು ತುಚ್ಛವೆಂದು ತಿಳಿಯುವವರು ಒಂದನ್ನು ನೆನೆಯಬೇಕು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಗದುಗಿನ ಪಂಚಾಕ್ಷರಿ ಗವಾಯಿಗಳೇ ನಾಟಕದ ಸಂಘವೊಂದನ್ನು ನಡೆಸಿದವರು.

ಆದರೆ ಅಮೀರಬಾಯಿಯವರು ಕೀರ್ತಿವಂತರಾದುದು ಡೇರೆಯಲ್ಲಲ್ಲ, ಮೈಕಿನ ಮುಂದೆ. ಈ ಎರಡಕ್ಕೂ ಇರುವ ಅಂತರವನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ೧೯೨೫ರ ಸುಮಾರಿಗೆ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿಯು ಬಂದಿತು. ಅದಕ್ಕೆ ಮೊದಲು ಕೊಂಬಿನ ಬಾಯಿಗೆ ಕೂಗಿ ಹಾಡಬೇಕಾಗಿದ್ದುದು ಈಗ ತಗ್ಗಿದ ದನಿಯಲ್ಲಿ, ಕಿವಿಯ ಹತ್ತಿರ ಮಾತಾಡಿದಂತೆ ಹಾಡಲು ಸಾಧ್ಯವಾಯಿತು. ಹತ್ತು ಅಂಗುಲದ ಧ್ವನಿಮುದ್ರಿಕೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ಅವಕಾಶ. ಡೇರೆಯಲ್ಲಿ ಅಕ್ಷರವನ್ನು ದೂರಕ್ಕೆ ಎಸೆಯಲು ಕಲಿತವರು ಅದೇ ಅಕ್ಷರವನ್ನು ಇಲ್ಲಿ ಸಮೀಪದಲ್ಲಿಯೇ ಮೆಲ್ಲನೆ ಇಡಲು ಹೊಸದಾಗಿ ಕಲಿಯಬೇಕಾಯಿತು. ಅನೇಕರಿಗೆ ಇದು ಸಾಧ್ಯವಾಗಲಿಲ್ಲ. ಅಮೀರಬಾಯಿಯವರಿಗೆ ಸಾಧ್ಯವಾಯಿತು.

‘ಕಿಸ್ಮತ್’ ಚಿತ್ರವೊಂದನ್ನೇ ತೆಗೆದುಕೊಳ್ಳೋಣ. ಬಾಂಬೆ ಟಾಕೀಜ್ ಸಂಸ್ಥೆಯು ತಯಾರಿಸಿದ, ಜ್ಞಾನ್ ಮುಖರ್ಜಿಯವರು ನಿರ್ದೇಶಿಸಿದ, ಪ್ರದೀಪರ ಸಾಹಿತ್ಯವೂ ಅನಿಲ್ ಬಿಸ್ವಾಸರ ಸಂಗೀತವೂ ಇರುವ ಈ ಚಿತ್ರವು ಕಲಕತ್ತೆಯ ರಾಕ್ಸಿ ಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ನಡೆಯಿತು. ಓಟದ ಲೆಕ್ಕವು ಕಲೆಯ ಲೆಕ್ಕವಲ್ಲ, ಅದು ಬದಿಗಿರಲಿ. ಇದರಲ್ಲಿ ಅಮೀರಬಾಯಿಯವರು ಹಾಡಿದ ಹಾಡುಗಳಲ್ಲಿ ಮೂರರ ಸ್ವಭಾವವು ಮೂರು ಬಗೆಯದು. ಒಂದರಲ್ಲಿ, ಮಲಗಿದ ಬುಲ್ಬುಲ್ ಎಚ್ಚರಗೊಳ್ಳದಂತೆ ಮೆಲ್ಲಗೆ ಬಾ ಎಂದು ಮೋಡವನ್ನು ಬೇಡಿಕೊಳ್ಳಲಾಗಿದೆ. ಇನ್ನೊಂದರಲ್ಲಿ, ಊರಿನ ಮನೆಮನೆಯಲ್ಲಿಯೂ ದೀಪಾವಳಿಯಿರುವಾಗ ತನ್ನ ಮನೆಯೊಂದೇ ಕತ್ತಲಾದವಳ ಅಳಲು. ಮೂರನೆಯದು ಖಾನ್ ಮಸ್ತಾನಾ ಅವರೊಡನೆ ಹಾಡಿದ ವೃಂದಗೀತ. ಜರ್ಮನಿ ಜಪಾನುಗಳ ಹೆಸರನ್ನು ಮುಂದಿಟ್ಟುಕೊಂಡು, ೧೯೪೨ರ ಚಳವಳಿಯ ಮರುವರ್ಷ, ಪರದೇಶದವರೆಲ್ಲ ಇಲ್ಲಿಂದ ತೊಲಗಲಿ ಎಂದು ಸರಕಾರದ ಪರಿಶೀಲಕರ ಕಣ್ಣೆದುರಿಗೇ ಸಾರಿದ ಹಾಡು.

ಮೊದಲನೆಯ ಹಾಡಿನಲ್ಲಿ ಕಂಠವು ಸ್ವಭಾವತಃ ತುಂಬಿದ್ದರೂ, ಅರ್ಥಕ್ಕೆ ತಕ್ಕಂತೆ ತನ್ನ ತೂಕವನ್ನು ತಾನೇ ಹಿಡಿದುಕೊಂಡಿದೆ. ಗದ್ದಲ ಬೇಡವೆಂಬ ಮಾತನ್ನು ಗದ್ದಲವಿಲ್ಲದೆಯೇ ಹೇಳಿದೆ. ಎರಡನೆಯದರಲ್ಲಿ ಗಾಯಕಿಯು ಅಳುವುದಿಲ್ಲ. ಬಿಕ್ಕಳಿಕೆಯನ್ನಾಗಲಿ ನಡುಕವನ್ನಾಗಲಿ ಬೆರೆಸದೆ, ಬೆಳಕನ್ನು ಹೇಳುವ ಭಾಗವನ್ನೂ ಕತ್ತಲೆಯನ್ನು ಹೇಳುವ ಭಾಗವನ್ನೂ ಒಂದೇ ನೇರವಾದ ದನಿಯಲ್ಲಿ ಇಟ್ಟು, ಎರಡರ ನಡುವಣ ಅಂತರವನ್ನು ಕೇಳುವವನೇ ಕಾಣುವಂತೆ ಬಿಟ್ಟಿದ್ದಾರೆ. ಆಲಂಕಾರಿಕರು ವಾಚ್ಯಕ್ಕಿಂತ ವ್ಯಂಗ್ಯವನ್ನು ಮೇಲಾಗಿ ಎಣಿಸಿದುದು ಇಂತಹ ಎಡೆಯಲ್ಲಿಯೇ ಅಲ್ಲವೇ? ಕಾವ್ಯವನ್ನು ಪಾಠ ಹೇಳುವವರು ಈ ಹಾಡನ್ನು ಒಮ್ಮೆ ಈ ದೃಷ್ಟಿಯಿಂದ ಕೇಳಬೇಕೆಂದು ನನ್ನ ಕೋರಿಕೆ. ಮೂರನೆಯದು ಮೇಳದ ಹಾಡಾದುದರಿಂದ ಅದರಲ್ಲಿ ಡೇರೆಯ ಹಳೆಯ ಶಕ್ತಿಯು ಹೊರಬಿದ್ದಿದೆ ಎಂದರೆ ಸಾಕು.

ಶಾರ್ಙ್ಗದೇವನ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ನಿಗ್ಧವೂ ಸುಕುಮಾರವೂ ಆದ ‘ಖಾಹುಲ’ ಧ್ವನಿ, ಮೂರು ಸ್ಥಾಯಿಗಳಲ್ಲಿಯೂ ಘನವಾಗಿ ನಿಲ್ಲುವ ‘ನಾರಾಟ’ ಧ್ವನಿ, ಇವೆರಡರ ಮಿಶ್ರಣ ಇವರದು. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ ಧ್ವನಿಶಕ್ತಿಯನ್ನು ಆತನು ‘ಶಾರೀರ’ವೆಂದು ಕರೆದಿದ್ದಾನೆ. ಮೂರು ನಿಮಿಷದೊಳಗೆ, ಆಲಾಪಕ್ಕೆ ಎಡೆಯಿಲ್ಲದೆ, ಮೊದಲನೆಯ ಸ್ವರದಲ್ಲಿಯೇ ರಾಗದ ಛಾಯೆಯು ಮೂಡಬೇಕಾದ ಈ ಹೊಸ ಪ್ರಕಾರಕ್ಕೆ ಶಾರೀರಕ್ಕಿಂತ ಮಿಗಿಲಾದ ಬಂಡವಾಳವು ಮತ್ತೊಂದಿಲ್ಲ.

ಇದೇ ಚರ್ಚೆಯು ಹೊರನಾಡಿನಲ್ಲಿ ಹೇಗೆ ನಡೆಯಿತೆಂಬುದನ್ನು ನೋಡಿದರೆ ನಮ್ಮ ವಿಷಯವು ಇನ್ನಷ್ಟು ತಿಳಿಯಾಗುತ್ತದೆ. ಅಮೇರಿಕದ ಕರಿಯ ಜನರು ಬೆಳೆಸಿದ ಜಾಜ್ ಸಂಗೀತದಲ್ಲಿ ನ್ಯಾಟ್ ಕಿಂಗ್ ಕೋಲ್ (೧೯೧೯–೧೯೬೫) ಎಂಬ ಪಿಯಾನೋವಾದಕರಿದ್ದರು. ೧೯೩೭ರಲ್ಲಿ ಪಿಯಾನೋ, ಗಿಟಾರ್, ಮಂದ್ರದ ಬೇಸ್ ಇವು ಮೂರೇ ಇರುವ ಮೇಳವನ್ನು ಕಟ್ಟಿ, ತಮ್ಮ ಬೆರಳಿನ ನಯದಿಂದ ಆಸ್ಕರ್ ಪೀಟರ್ಸನ್‌ರಂತಹ ಮುಂದಿನ ವಾದಕರಿಗೆ ಮೇಲ್ಪಂಕ್ತಿಯಾದರು. ಬಳಿಕ ಅವರ ಹಾಡುಗಾರಿಕೆಯು ಜನಪ್ರಿಯವಾಯಿತು. ೧೯೪೮ರ ಹೊತ್ತಿಗೆ ದೊಡ್ಡ ತಂತಿವಾದ್ಯಗಳ ಮೇಳದ ಮುಂದೆ ನಿಂತು ಹಾಡುವವರಾದರು. ಕಲೆಯನ್ನು ಬಿಟ್ಟು ಜನರಂಜನೆಗೆ ಇಳಿದರೆಂದು ಜಾಜ್ ರಸಿಕರು ಆಕ್ಷೇಪಿಸಿದರು. ಆದರೆ ಅವರ ಹಾಡನ್ನು ಲಕ್ಷ್ಯವಿಟ್ಟು ಕೇಳಿದರೆ, ಪದವನ್ನು ತಾಳದ ಪೆಟ್ಟಿಗಿಂತ ಎಳೆಯಷ್ಟು ಹಿಂದೆ ಇಡುವ, ವಾಕ್ಯಗಳ ನಡುವೆ ಮೌನಕ್ಕೆ ಎಡೆಗೊಡುವ ಪಿಯಾನೋವಾದಕನ ಸಂಸ್ಕಾರವು ಕಂಠಕ್ಕೆ ಬಂದಿರುವುದು ಗೋಚರವಾಗುತ್ತದೆ. ವಾದನವನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ೧೯೫೭ರಲ್ಲಿ ಹೊರಬಂದ ‘ಆಫ್ಟರ್ ಮಿಡ್‌ನೈಟ್’ ಎಂಬ ಮುದ್ರಿಕೆಯೇ ಸಾಕ್ಷಿ. ಕೋಲರಿಗೆ ಪಿಯಾನೋ ಹೇಗೋ ಅಮೀರಬಾಯಿಯವರಿಗೆ ಡೇರೆಯ ರಂಗವು ಹಾಗೆ. ಇಬ್ಬರೂ ಬಿಟ್ಟುಬಂದಂತೆ ಕಾಣುವ ವಿದ್ಯೆಯೇ ಮೈಕಿನ ಮುಂದೆ ಅವರನ್ನು ಕಾಪಾಡಿತು. ೧೯೬೫ರ ಫೆಬ್ರವರಿ ೧೫ರಂದು ಕೋಲರೂ ಅದೇ ವರ್ಷದ ಮಾರ್ಚಿ ೩ರಂದು ಅಮೀರಬಾಯಿಯವರೂ ತೀರಿಕೊಂಡುದು ಕೇವಲ ಕಾಕತಾಳೀಯ.

ಇಂತಹ ಚರ್ಚೆಗಳಲ್ಲಿ ಕಲೆಗೆ ಸಂಬಂಧಿಸದ ಮಾತುಗಳು ನುಸುಳುವುದೂ ಎರಡೂ ಕಡೆಯಲ್ಲಿ ಸಮಾನವಾಗಿದೆ. ಕೋಲರ ಮೇಲೆ ೧೯೫೬ರಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದ ರಂಗದ ಮೇಲೆಯೇ ಬಿಳಿಯರು ಕೈಮಾಡಿದರು. ಇತ್ತ ಗೋಹರಬಾಯಿಯವರು ೧೯೩೦ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ಮಂಡಳಿಯನ್ನು ಸೇರಿದ ಮೇಲೆ, ಆ ಮಂಡಳಿಯ ಇಳಿಗಾಲಕ್ಕೆ ಆಕೆಯೇ ಕಾರಣವೆಂದು ದೂರಿದವರಿಗೆ ಕೊರತೆಯಿರಲಿಲ್ಲ. ಸಾಲವು ಆಕೆ ಬರುವುದಕ್ಕೆ ಬಹಳ ಮುಂಚಿನಿಂದಲೂ ಇದ್ದುದನ್ನು ಅವರು ನೆನೆಯಲಿಲ್ಲ. ಬಾಲಗಂಧರ್ವರ ಗಾಯನದ ಭಂಗಿಯನ್ನು ಆಕೆ ತನ್ನದಾಗಿಸಿಕೊಂಡಿದ್ದರು. ಶಾರ್ಙ್ಗದೇವನಾಗಿದ್ದರೆ ಆಕೆಯನ್ನು ಅನುಕಾರರ ಪಂಕ್ತಿಯಲ್ಲಿ ಕೂಡಿಸಿ, ಅನುಕರಣವು ಎಷ್ಟು ಚೆನ್ನಾಗಿದೆಯೆಂದು ವಿಚಾರಿಸುತ್ತಿದ್ದನು. ನಮ್ಮವರು ಆಕೆಯ ಕುಲಗೋತ್ರವನ್ನು ವಿಚಾರಿಸಿದರು.

ವಾದ್ಯಕ್ಕೂ ಇದೇ ಗತಿ. ಹಾರ್ಮೋನಿಯಮ್ಮಿನ ಸ್ವರಗಳು ಮನೆಕಟ್ಟಿನವು, ಅವುಗಳಲ್ಲಿ ಗಮಕಕ್ಕೆ ಎಡೆಯಿಲ್ಲ ಎಂಬ ಆಕ್ಷೇಪಣೆಯು ಸುಳ್ಳಲ್ಲ. ಆದರೆ ಅದನ್ನೇ ನೆವಮಾಡಿಕೊಂಡು ೧೯೪೦ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ಹೊರಗಟ್ಟಿ, ೧೯೭೧ರವರೆಗೆ ಬಾಗಿಲು ತೆರೆಯಲಿಲ್ಲ. ೧೯೫೨ರಲ್ಲಿ ಸಚಿವ ಕೇಸ್ಕರರು ಚಿತ್ರಗೀತೆಗಳಿಗೂ ಅದೇ ಬಾಗಿಲನ್ನು ಮುಚ್ಚಿದಾಗ ಶ್ರೋತೃಗಳು ರೇಡಿಯೋ ಸಿಲೋನಿನ ಕಡೆಗೆ ಮುಳ್ಳನ್ನು ತಿರುಗಿಸಿಕೊಂಡರು.

ಮಾರ್ಗ ಮತ್ತು ದೇಸಿಗಳ ನಡುವೆ ಇಂತಹ ಕದವಿಕ್ಕುವುದು ನಮ್ಮ ನಾಡಿನ ಸಂಪ್ರದಾಯವಲ್ಲ. ಹೆಂಗಸರು, ಮಕ್ಕಳು, ಗೋವಳರು, ಅರಸರು ತಂತಮ್ಮ ನಾಡಿನಲ್ಲಿ ಇಚ್ಛೆಯಿಂದ ಹಾಡುವುದೇ ದೇಸಿಯೆಂದು ಮತಂಗನು ‘ಬೃಹದ್ದೇಶೀ’ಯಲ್ಲಿ ಹೇಳುವಾಗ ಗೋವಳನನ್ನೂ ಅರಸನನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾನೆ. ಬಾದಾಮಿಯ ಬಂಡೆಯ ಮೇಲೆ ಕ್ರಿ. ಶ. ೭೦೦ರ ಸುಮಾರಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಂಸ್ಕೃತದ ಪಕ್ಕದಲ್ಲಿಯೇ ಇರುವ ಕನ್ನಡ ಪದ್ಯಗಳು ತ್ರಿಪದಿಗಳು. ಅದೇ ತ್ರಿಪದಿಯನ್ನು ಇದೇ ಸೀಮೆಯ ಗರತಿಯರು ಬೀಸುವ ಕಲ್ಲಿನ ಮುಂದೆ ಹಾಡಿದರು. ಶಾಸನವಾದಾಗ ಅದು ಕಲೆ, ಬೀಸುವ ಪದವಾದಾಗ ಕಲೆಯಲ್ಲ ಎಂದು ಇಂದು ಯಾವ ವಿದ್ವಾಂಸನೂ ವಾದಿಸನು.

ಇಷ್ಟನ್ನು ಹೇಳಿದಮಾತ್ರಕ್ಕೆ ಅಮೀರಬಾಯಿಯವರು ಹಾಡಿದುದೆಲ್ಲವೂ ಉತ್ತಮವೆಂದು ನನ್ನ ಅಭಿಪ್ರಾಯವಲ್ಲ. ಚಿತ್ರದ ಹಾಡಿನಲ್ಲಿ ಧಾತುವು ಸಂಗೀತ ನಿರ್ದೇಶಕನದು, ಮಾತುವು ಕವಿಯದು. ಎರಡೂ ಬಡವಾದ ಎಡೆಯಲ್ಲಿ ಕಂಠವೊಂದೇ ಎಷ್ಟನ್ನು ಎತ್ತಬಲ್ಲುದು? ೧೯೪೪ರ ‘ರತನ್’ ಚಿತ್ರದಲ್ಲಿ ನೌಷಾದರ ವರಸೆಯು ದೊರೆತಾಗ ಬೆಳಗಿದ ದನಿಯೇ ಸಾಮಾನ್ಯ ಚಿತ್ರಗಳಲ್ಲಿ ಕೆಲಸ ಮುಗಿಸಿ ಹೋದಂತೆ ಕೇಳುತ್ತದೆ. ಅವರ ದನಿಯು ಮಧ್ಯಸ್ಥಾಯಿಯಲ್ಲಿ ನಿಂತಷ್ಟು ಸುಖವಾಗಿ ತಾರದಲ್ಲಿ ನಿಲ್ಲುವುದಿಲ್ಲ. ೧೯೪೯ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳಿಂದ ಲತಾ ಮಂಗೇಶಕರರ ತೆಳುವಾದ ತಾರಧ್ವನಿಯು ಹರಡಿ ಜನರ ಕಿವಿಯೇ ಬದಲಾದಾಗ, ಈ ದಟ್ಟವಾದ ದನಿಗೆ ಕರೆಯು ಕಡಮೆಯಾಯಿತು. ಅವರು ಪೋಷಕ ಪಾತ್ರಗಳ ಅಭಿನಯದಲ್ಲಿ ಮುಂದುವರಿದರು. ಅದಕ್ಕೆ ಒಂದು ವರ್ಷ ಮುಂಚೆ, ೧೯೪೮ರಲ್ಲಿ, ‘ಶಹನಾಜ್’ ಎಂಬ ಚಿತ್ರಕ್ಕೆ ಅಮೀರಬಾಯಿಯವರೇ ಸಂಗೀತವನ್ನು ನಿರ್ದೇಶಿಸಿದ್ದರು. ಪರರು ಕೊಟ್ಟ ಧಾತುವನ್ನು ಹಾಡುವವರೆಂದು ಅವರನ್ನು ಎಣಿಸುವವರು, ಅವರೇ ಧಾತುವನ್ನು ಕಟ್ಟಿದ ಆ ಹಾಡುಗಳನ್ನು ಮೊದಲು ಕೇಳಿ ಪರೀಕ್ಷಿಸಬೇಕಾಗಿದೆ.