ಪಾಯಿಂಟು ಕೊಳ್ಳುವ ಮುನ್ನ ಒಂದು ಭಾಗಾಕಾರ

‘ಇನ್ನೆರಡೇ ದಿನ! ನೀವು ಎಷ್ಟು ಪಾಯಿಂಟು ಕೊಳ್ಳುತ್ತೀರೋ ಅಷ್ಟೇ ಪಾಯಿಂಟು ಉಚಿತ!’

ಇಂಥ ಇ-ಮೇಲ್‌ಗಳು ಈಗ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಬರತೊಡಗಿವೆ. ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಎರಡು ವರ್ಷಕ್ಕೊಮ್ಮೆಯಾದರೂ ವಿಮಾನ ಹತ್ತುವುದಾಗುತ್ತದೆ. ಯಾರೋ ಹೇಳಿದರೆಂದು ವಿಮಾನ ಕಂಪನಿಗೋ ಹೋಟೆಲಿಗೋ ಸದಸ್ಯರಾಗಿರುತ್ತೇವೆ. ಆಮೇಲೆ ಆಸೆ ಹುಟ್ಟಿಸುವ ಪತ್ರಗಳು ಶುರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೆಂದು ಪರಿಚಯದವರು ನನ್ನನ್ನು ಕೇಳುತ್ತಾರೆ: ‘ಇದನ್ನು ಕೊಳ್ಳಬಹುದೇ?’ ನಾನು ಹೌದೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಒಂದು ಹಾಳೆ, ಒಂದು ಪೆನ್ನು ತರಿಸುತ್ತೇನೆ. ಪಿಂಚಣಿಯ ಹಣ ಹೋಗುವುದು ಇಂಥ ಸಣ್ಣ ಸಣ್ಣ ತೂತುಗಳಿಂದಲೇ.

ಮೊದಲು ಈ ಪಾಯಿಂಟುಗಳ ಕಥೆ ಕೇಳಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಖಾಯಂ ಪ್ರಯಾಣಿಕರಿಗಾಗಿ ‘ಎಎಡ್ವಾಂಟೇಜ್’ ಎಂಬ ಯೋಜನೆ ಆರಂಭಿಸಿತು. ಹಾರಿದ ದೂರಕ್ಕೆ ತಕ್ಕಂತೆ ಮೈಲಿಗಳು ಖಾತೆಗೆ ಜಮಾ ಆಗುತ್ತಿದ್ದವು, ಸಾಕಷ್ಟು ಕೂಡಿದರೆ ಉಚಿತ ಟಿಕೆಟ್. ಹೋಟೆಲುಗಳೂ ಅದೇ ದಾರಿ ಹಿಡಿದವು. ಬರಬರುತ್ತ ಹಾರದೆಯೂ ಮೈಲಿ ಸಿಗುವಂತಾಯಿತು. ಕ್ರೆಡಿಟ್ ಕಾರ್ಡಿನಿಂದ ಬರುತ್ತದೆ, ಅಂಗಡಿ ಸಾಮಾನಿನಿಂದ ಬರುತ್ತದೆ, ಕಾಸು ಕೊಟ್ಟರೆ ನೇರವಾಗಿಯೇ ಬರುತ್ತದೆ. ಈ ವ್ಯಾಪಾರ ಎಷ್ಟು ದೊಡ್ಡದೆಂದರೆ, ಕೋವಿಡ್ ಬಂದ 2020ರಲ್ಲಿ ವಿಮಾನಗಳು ನೆಲ ಹಿಡಿದಾಗ ಅಮೆರಿಕದ ಯುನೈಟೆಡ್ ಕಂಪನಿ ತನ್ನ ‘ಮೈಲೇಜ್ ಪ್ಲಸ್’ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಚಿನ್ನ, ಜಮೀನು ಅಡವಿಡುವುದನ್ನು ನಾನು ನೋಡಿದ್ದೆ. ಪಾಯಿಂಟುಗಳ ಖಾತೆಪುಸ್ತಕವನ್ನು ಅಡವಿಡುವುದನ್ನು ಆಗಲೇ ಕೇಳಿದ್ದು. ಇದರಿಂದ ಒಂದು ಮಾತು ಸ್ಪಷ್ಟ: ಪಾಯಿಂಟು ಮಾರುವುದು ಅವರಿಗೆ ಲಾಭದ ಬಾಬತ್ತು. ನಮಗೆ ಲಾಭವೋ ಅಲ್ಲವೋ ನಾವೇ ನೋಡಿಕೊಳ್ಳಬೇಕು.

ನೋಡುವುದು ಕಷ್ಟವಲ್ಲ. ಐದನೇ ತರಗತಿಯ ಮಗುವೂ ಮಾಡಬಲ್ಲ ಎರಡು ಭಾಗಾಕಾರ ಸಾಕು. ಮೊದಲನೆಯದು, ಒಂದು ಪಾಯಿಂಟು ನಮಗೆ ಎಷ್ಟಕ್ಕೆ ಬೀಳುತ್ತದೆ? ಎರಡನೆಯದು, ಆ ಪಾಯಿಂಟನ್ನು ಖರ್ಚು ಮಾಡಿದಾಗ ನಮ್ಮ ಎಷ್ಟು ದುಡ್ಡು ಉಳಿಯುತ್ತದೆ? ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿ ಹೆಚ್ಚಿದ್ದರೆ ಮಾತ್ರ ಮುಂದಿನ ಮಾತು.

ಒಂದು ಲೆಕ್ಕ

ಮ್ಯಾರಿಯಟ್ ಹೋಟೆಲುಗಳ ಯೋಜನೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಸಾವಿರ ಪಾಯಿಂಟಿಗೆ ಹನ್ನೆರಡೂವರೆ ಡಾಲರ್ ಎಂಬುದು ಮಾಮೂಲಿ ದರ. ಆಗಾಗ ಬೋನಸ್ ಕೊಡುತ್ತಾರೆ. ಶೇ 50ರಷ್ಟು ಬೋನಸ್ ಇದೆ ಎಂದುಕೊಳ್ಳಿ. ಆಗ ಹನ್ನೆರಡೂವರೆ ಡಾಲರಿಗೆ ಸಾವಿರದ ಐನೂರು ಪಾಯಿಂಟು, ಅಂದರೆ ಒಂದಕ್ಕೆ 0.83 ಸೆಂಟು.

ಈಗ ಹೊರದೇಶದ ಒಂದು ಊರಿನಲ್ಲಿ ಒಂದು ರಾತ್ರಿಗೆ ತೆರಿಗೆ ಸೇರಿ 230 ಡಾಲರಿನ ಕೋಣೆ ಇದೆ, ಅದೇ ಕೋಣೆ 30,000 ಪಾಯಿಂಟಿಗೂ ಸಿಗುತ್ತದೆ ಎಂದು ಊಹಿಸಿಕೊಳ್ಳಿ. ನೀವು ಮೂರು ರಾತ್ರಿ ಇರುತ್ತೀರಿ. 90,000 ಪಾಯಿಂಟು ಬೇಕು. ಬೋನಸ್ ಕಳೆದು 60,000 ಕೊಂಡರೆ ಸಾಕು, ಅದಕ್ಕೆ 750 ಡಾಲರ್. ನಗದು ಕೊಟ್ಟರೆ 690 ಡಾಲರ್. ಬೋನಸ್ ಇದ್ದರೂ 60 ಡಾಲರ್ ನಷ್ಟ!

ಅದೇ ಕೋಣೆಯಲ್ಲಿ ಐದು ರಾತ್ರಿ ಇದ್ದರೆ? ಮ್ಯಾರಿಯಟ್‌ನಲ್ಲಿ ಪಾಯಿಂಟಿನ ಮೇಲೆ ಸತತ ಐದು ರಾತ್ರಿ ತಂಗಿದರೆ ನಾಲ್ಕು ರಾತ್ರಿಯ ಪಾಯಿಂಟನ್ನಷ್ಟೇ ಮುರಿದುಕೊಳ್ಳುತ್ತಾರೆ. ಆಗ ಬೇಕಾದದ್ದು 1,20,000. ಕೊಳ್ಳಬೇಕಾದದ್ದು 80,000, ಅದರ ಬೆಲೆ 1,000 ಡಾಲರ್. ನಗದಿನಲ್ಲಿ 1,150 ಡಾಲರ್. ಈಗ 150 ಡಾಲರ್ ಉಳಿತಾಯ. ಕೋಣೆ ಅದೇ, ದರ ಅದೇ, ಬೋನಸ್ಸೂ ಅದೇ. ರಾತ್ರಿಗಳ ಸಂಖ್ಯೆ ಬದಲಾದದ್ದಕ್ಕೆ ಉತ್ತರವೇ ತಿರುಗಿತು. ಅದಕ್ಕೇ ‘ಪಾಯಿಂಟು ಕೊಳ್ಳುವುದು ಒಳ್ಳೆಯದೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಇಷ್ಟಕ್ಕೇ ಪೆನ್ನು ಕೆಳಗಿಡಬೇಡಿ. ನಗದು ಕೊಟ್ಟು ತಂಗಿದ್ದರೆ ನಿಮಗೇ ಹೊಸ ಪಾಯಿಂಟುಗಳು ಬರುತ್ತಿದ್ದವು. ತೆರಿಗೆ ಬಿಟ್ಟು ಡಾಲರಿಗೆ ಹತ್ತರಂತೆ ಎಂದರೂ ಸುಮಾರು 10,000. ಕೊಳ್ಳುವ ಬೆಲೆಯಲ್ಲಿ ಅದು 83 ಡಾಲರ್. ಆ ಪಾಯಿಂಟುಗಳನ್ನು ನೀವು ಖಂಡಿತ ಬಳಸುವವರಾದರೆ 150ರ ಉಳಿತಾಯ 67ಕ್ಕೆ ಇಳಿಯಿತು. ಮತ್ತೆ ಹೋಟೆಲಿಗೆ ಹೋಗುವ ಸಂಭವವೇ ಇಲ್ಲದಿದ್ದರೆ 150 ಎಂದೇ ಇಟ್ಟುಕೊಳ್ಳಿ.

ಇನ್ನೊಂದು ಬಾಬತ್ತು ನಮ್ಮ ದೇಶದವರದು. ಪಾಯಿಂಟು ಮಾರುವುದು ಡಾಲರಿನಲ್ಲಿ. ನಮ್ಮ ಅನೇಕ ಕಾರ್ಡುಗಳು ವಿದೇಶಿ ಹಣದ ಖರ್ಚಿಗೆ ಶೇ 3.5ರಷ್ಟು ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 1,000 ಡಾಲರಿಗೆ 90,000 ರೂಪಾಯಿ. ಶುಲ್ಕ 3,150, ಅದರ ತೆರಿಗೆ 567. ಒಟ್ಟು 93,717. ಹೋಟೆಲು ಹೊರದೇಶದಲ್ಲಿದ್ದರೆ ನಗದು ಬಾಡಿಗೆಗೂ ಇದೇ ಶುಲ್ಕ ಬೀಳುವುದರಿಂದ ಸಮಸಮ. ಆದರೆ ಜೈಪುರದಲ್ಲೋ ಕೊಚ್ಚಿಯಲ್ಲೋ ರೂಪಾಯಿಯಲ್ಲಿ ಬಾಡಿಗೆ ಕೊಡಬಹುದಾದ ಕೋಣೆಗೆ ಡಾಲರಿನ ಪಾಯಿಂಟು ಕೊಂಡರೆ ಈ 3,717 ರೂಪಾಯಿ ನಿಮ್ಮ ಮೇಲೆಯೇ.

ವಿಮಾನದ ಮೈಲಿ

ವಿಮಾನದ ಮೈಲಿಗೆ ಲೆಕ್ಕ ಇದೇ, ಎಚ್ಚರ ಇನ್ನೂ ಹೆಚ್ಚು ಬೇಕು. ‘ಉಚಿತ’ ಟಿಕೆಟ್ಟಿನಲ್ಲೂ ವಿಮಾನ ನಿಲ್ದಾಣದ ತೆರಿಗೆಗಳನ್ನು ಕೈಯಿಂದ ಕೊಡಬೇಕು. ಕೆಲವು ಕಂಪನಿಗಳು ಇಂಧನದ ಹೆಸರಿನ ಹೆಚ್ಚುವರಿ ದರವನ್ನೂ ಸೇರಿಸುತ್ತವೆ. ಟಿಕೆಟ್ಟಿನ ನಗದು ಬೆಲೆಯಿಂದ ಇವನ್ನು ಕಳೆದು ಉಳಿದದ್ದನ್ನು ಮೈಲಿಗಳಿಂದ ಭಾಗಿಸಿ. ಅಮೆರಿಕದ ದೊಡ್ಡ ಕಂಪನಿಗಳು ರಿಯಾಯಿತಿ ಇಲ್ಲದ ದಿನಗಳಲ್ಲಿ ಒಂದು ಮೈಲಿಗೆ ಎರಡು ಸೆಂಟಿಗೂ ಹೆಚ್ಚು ಕೇಳುತ್ತವೆ. ಸಾಮಾನ್ಯ ದರ್ಜೆಯ ಟಿಕೆಟ್ಟಿಗೆ ಈ ಬೆಲೆ ಗಿಟ್ಟುವುದು ಅಪರೂಪ. ಕಾಲು ಚಾಚಿ ಮಲಗುವ ದುಬಾರಿ ದರ್ಜೆಯಲ್ಲಿ ಗಿಟ್ಟಬಹುದು. ಆದರೆ ಆ ದರ್ಜೆಗೆ ನೀವು ಹೇಗೂ ನಗದು ಕೊಟ್ಟು ಹೋಗುವವರಲ್ಲದಿದ್ದರೆ ‘ಮೂರು ಲಕ್ಷ ಉಳಿಸಿದೆ’ ಎನ್ನುವುದು ಬಾಯಿಮಾತಿನ ಉಳಿತಾಯ. ನಿಮ್ಮ ನಿಜವಾದ ಉಳಿತಾಯವನ್ನು ನೀವು ಕೊಳ್ಳುತ್ತಿದ್ದ ಟಿಕೆಟ್ಟಿನ ಬೆಲೆಯಿಂದಲೇ ಅಳೆಯಬೇಕು.

ಮಕ್ಕಳಿಗೆ ಇಷ್ಟವಾಗುವ ಒಂದು ನಿಜ ಸಂಗತಿ ಹೇಳುತ್ತೇನೆ. 1999ರಲ್ಲಿ ಅಮೆರಿಕದ ಒಂದು ಆಹಾರ ಕಂಪನಿ ತನ್ನ ಸಾಮಾನುಗಳ ಲೇಬಲ್ ಕಳಿಸಿದವರಿಗೆ ವಿಮಾನದ ಮೈಲಿ ಕೊಡುವುದಾಗಿ ಪ್ರಕಟಿಸಿತು. ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಅಂಗಡಿ ಅಂಗಡಿ ಸುತ್ತಿ, ಒಂದಕ್ಕೆ 25 ಸೆಂಟಿನ ಪುಡಿಂಗ್ ಕಪ್ಪುಗಳೇ ಅಗ್ಗವೆಂದು ಕಂಡುಕೊಂಡು 12,150 ಕಪ್ಪು ಕೊಂಡರು! ಲೇಬಲ್ ಕೀಳಲು ನೆರವಾದ ಸಾಲ್ವೇಶನ್ ಆರ್ಮಿ ಎಂಬ ಸೇವಾ ಸಂಸ್ಥೆಗೆ ಪುಡಿಂಗನ್ನು ದಾನ ಮಾಡಿದರು. ಸುಮಾರು ಮೂರು ಸಾವಿರ ಡಾಲರಿಗೆ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲಿ ಬಂತು. ಭಾಗಿಸಿ ನೋಡಿ, ಒಂದು ಮೈಲಿಗೆ ಕಾಲು ಸೆಂಟು. ಅವರಿಗೆ ಅದೃಷ್ಟ ಒಲಿಯಿತು ಎನ್ನುವವರಿದ್ದಾರೆ. ಅವರು ಮಾಡಿದ್ದು ನಾನು ಹೇಳಿದ ಭಾಗಾಕಾರವನ್ನೇ, ಅದನ್ನು ಕೊಳ್ಳುವ ಮುನ್ನ ಮಾಡಿದರು.

ಕೂಡಿಡುವ ವಸ್ತುವಲ್ಲ

‘ಈಗ ಅಗ್ಗ, ಕೊಂಡಿಟ್ಟಿದ್ದರೆ ಮುಂದೆ ಬೇಕಾದೀತು’ ಎನ್ನುವವರಿಗೆ ಮಾತ್ರ ನಾನು ಬೇಡವೆಂದೇ ಹೇಳುತ್ತೇನೆ. ಅದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಬ್ಯಾಂಕಿನ ಠೇವಣಿಗೆ ಬಡ್ಡಿಯಿದೆ, ಐದು ಲಕ್ಷದವರೆಗೆ ವಿಮೆಯಿದೆ. ಪಾಯಿಂಟಿಗೆ ಬಡ್ಡಿಯಿಲ್ಲ, ವಿಮೆಯಿಲ್ಲ. ಕೊಂಡ ಮೇಲೆ ಸಾಮಾನ್ಯವಾಗಿ ವಾಪಸೂ ಇಲ್ಲ. ಮ್ಯಾರಿಯಟ್, ಹಿಲ್ಟನ್‌ಗಳಲ್ಲಿ ಖಾತೆ 24 ತಿಂಗಳು ಅಲ್ಲಾಡದಿದ್ದರೆ ಇದ್ದದ್ದೂ ಹೋಗುತ್ತದೆ. ಯಾವ ಊರಿಗೆ ಎಷ್ಟು ಮೈಲಿ ಎಂಬ ನಿಗದಿ ಪಟ್ಟಿಯನ್ನು ಡೆಲ್ಟಾ ಕಂಪನಿ 2015ರಲ್ಲೇ ತೆಗೆದುಹಾಕಿತು. ಇವತ್ತು 30,000 ಪಾಯಿಂಟಿನ ಕೋಣೆ ನಾಳೆ 40,000 ಆದರೆ ಕೇಳುವ ಹಾಗಿಲ್ಲ.

ಕಂಪನಿಯೇ ಮುಳುಗಿದರೆ? ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಮೈಲಿಯಲ್ಲಿ ಹತ್ತಲು ಆ ಕಂಪನಿಯ ವಿಮಾನವೇ ಇರಲಿಲ್ಲ. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ಪಾಯಿಂಟು ಯೋಜನೆ ಪ್ರತ್ಯೇಕ ಕಂಪನಿಯಾಗಿದ್ದರಿಂದ ಬೇರೆ ಹೆಸರಿನಲ್ಲಿ ಉಳಿಯಿತು. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಪಾಯಿಂಟುಗಳು ಅಲ್ಲಿಗೆ ವರ್ಗವಾದವು. ಮೂರು ಕಂಪನಿ, ಮೂರು ಗತಿ. ಯಾವುದು ನಮ್ಮ ಪಾಲಿಗೆ ಬರುತ್ತದೆಂದು ಮೊದಲೇ ತಿಳಿಯದು.

ಹಾಗಾದರೆ ಯಾವಾಗ ಕೊಳ್ಳಬಹುದು? ಸ್ವಲ್ಪ ಮಾತ್ರ ಕಡಿಮೆ ಬಿದ್ದಾಗ. ಖಾತೆಯಲ್ಲಿ 25,000 ಪಾಯಿಂಟು ಸುಮ್ಮನೆ ಬಿದ್ದಿದೆ, 230 ಡಾಲರಿನ ಕೋಣೆಗೆ 30,000 ಬೇಕು. ಉಳಿದ 5,000 ಪಾಯಿಂಟನ್ನು ಬೋನಸ್ ಇಲ್ಲದೆ 62.50 ಡಾಲರಿಗೆ ಕೊಂಡರೂ ಲಾಭವೇ. ಇನ್ನೊಂದು, ಮೇಲಿನ ಐದು ರಾತ್ರಿಯ ಲೆಕ್ಕದಂತೆ ಉಳಿತಾಯ ಎದ್ದು ಕಾಣುವಾಗ. ಮತ್ತೊಂದು, ಹಬ್ಬವೋ ಪಂದ್ಯವೋ ನಡೆದು ಊರಿನ ಬಾಡಿಗೆ ಗಗನಕ್ಕೇರಿ, ಪಾಯಿಂಟಿನ ದರ ಅಷ್ಟು ಏರದಿದ್ದಾಗ.

ಯಾವಾಗಲೂ ಕ್ರಮ ಒಂದೇ. ಮೊದಲು ಪ್ರಯಾಣದ ದಿನ ಗೊತ್ತಾಗಲಿ. ಆಮೇಲೆ ಆ ದಿನ ಪಾಯಿಂಟಿಗೆ ಕೋಣೆಯೋ ಸೀಟೋ ಇದೆಯೇ ನೋಡಿ. ನಾಲ್ವರು ಹೋಗುವುದಾದರೆ ನಾಲ್ಕು ಸೀಟೂ ಇರಬೇಕು, ಎರಡಿದ್ದು ಪ್ರಯೋಜನವಿಲ್ಲ. ನಂತರ ನಗದು ಬೆಲೆ ಬರೆದುಕೊಳ್ಳಿ, ಭಾಗಿಸಿ. ಹೊಸ ಸದಸ್ಯರಿಗೆ ಕೂಡಲೇ ಕೊಳ್ಳಲು ಕೆಲವು ಕಡೆ ಬಿಡುವುದಿಲ್ಲ, ಕೊಂಡದ್ದು ಜಮಾ ಆಗಲು ಸಮಯ ಹಿಡಿಯುವುದೂ ಉಂಟು. ಅದನ್ನೂ ವಿಚಾರಿಸಿ. ಪಾಯಿಂಟು ಕೊಳ್ಳುವುದು ಕಟ್ಟಕಡೆಯ ಹೆಜ್ಜೆ. ‘ಇನ್ನೆರಡೇ ದಿನ’ ಎಂಬ ಬೆದರಿಕೆಗೆ ಹೆದರಬೇಡಿ. ಇಂಥ ಮಾರಾಟ ವರ್ಷದಲ್ಲಿ ಹಲವು ಬಾರಿ ಬರುತ್ತದೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಗೇ ಕೊಡಿ. ನಾನು ಮೇಲೆ ಕೊಟ್ಟ ಕೋಣೆಗೆ ನಾಲ್ಕೇ ರಾತ್ರಿ ತಂಗಿದರೆ ಕೊಳ್ಳಬೇಕೋ ಬೇಡವೋ, ಅವರು ಮಾಡಿ ಹೇಳಲಿ.